ಬಸ್ಸಿನ ಅಪ್ಪ, ರೈಲಿನ ಅಮ್ಮ

ಇವತ್ತು ನಮ್ಮ ಸೊಸೆ ಕಾರಿನಲ್ಲಿಡಲು ಒಂದು ಪರಿಮಳದ ಡಬ್ಬಿ ತಂದಳು. ಊಟದ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳೋ ಇಲ್ಲವೋ, ಮನೆ ತುಂಬ ನಿಂಬೆಹಣ್ಣಿನ ವಾಸನೆ. "ಹೇಗಿದೆ ಅತ್ತೆ?" ಎಂದಳು. ಚೆನ್ನಾಗಿದೆ ಎಂದೆ. ಅಷ್ಟರಲ್ಲಿ ನನ್ನ ಮನಸ್ಸು ಕೆಂಗೇರಿ ದಾಟಿ ಹೋಗಿತ್ತು. ಬೇರೆಯವರಿಗೆ ನಿಂಬೆಹಣ್ಣು ಎಂದರೆ ಚಿತ್ರಾನ್ನ, ಪಾನಕ. ನನಗೆ ಅದು ಮೈಸೂರಿಗೆ ಹೋಗುವ ಕೆಂಪು ಬಸ್ಸು, ಅದರ ರೆಕ್ಸಿನ್ ಸೀಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತ ಅಮ್ಮ.

ಮುಂದಿನ ವಾರ ಮೈಸೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶವಿದೆ. ಸೊಸೆ ಫೋನು ಹಿಡಿದು ಕೂತು, "ಕಾರಲ್ಲಿ ಹೋಗೋಣ್ವಾ, ಬಸ್ಸಾ, ರೈಲಾ? ನೀವು ಹೇಳಿ ಅತ್ತೆ" ಎಂದು ಕೇಳಿದಳು. ನಾನು ಎಂದಿನಂತೆ, "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಎಂದೆ. ಬಹಳ ದೊಡ್ಡ ಮನಸ್ಸಿನ ಉತ್ತರ ಎಂದು ನಾನೇ ಅಂದುಕೊಂಡಿದ್ದೆ. ಅವಳು ಆ ಫೋನಿನಲ್ಲಿ ದಾರಿಗಳನ್ನು ಉಜ್ಜುತ್ತ ಒಳಗೆ ಹೋದಳು. ನಾನು ಆ ವಾಸನೆಯ ಎದುರು ಒಬ್ಬಳೇ ಉಳಿದೆ. ನೀವೂ ಸ್ವಲ್ಪ ಕೂತುಕೊಳ್ಳಿ, ಹೇಗೂ ಕಾಫಿ ಇಳಿಯುವುದಕ್ಕೆ ಹೊತ್ತಿದೆ.

ಆಗ ನಾವಿದ್ದುದೂ ಬೆಂಗಳೂರಿನ ಇದೇ ಮತ್ತಿಕೆರೆಯಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮನೆಯ ಮುಂದಿನ ಕೋಣೆಯನ್ನು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಹಿಂದಿನ ಮನೆಯಲ್ಲಿ ಖೈರುಬಿ ಇದ್ದರು. ಅವರ ಯಜಮಾನರು ಯಶವಂತಪುರದ ಸಂತೆಯಲ್ಲಿ ಈರುಳ್ಳಿ ವ್ಯಾಪಾರ ಮಾಡುತ್ತಿದ್ದರು. ನಮ್ಮಪ್ಪ ಅದೇ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಾರ್ಖಾನೆಯಲ್ಲಿ ಅವರಿಗೆ ಎಷ್ಟು ಹೆಸರಿತ್ತೋ ನನಗೆ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಅವರು ದೊರೆ.

ಯಾಕೆಂದರೆ ಅಪ್ಪನಷ್ಟು ಚೆನ್ನಾಗಿ ಟವಲು ಎಸೆಯುವವರು ನಮ್ಮ ಕಡೆ ಇನ್ನೊಬ್ಬರಿರಲಿಲ್ಲ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಅದರ ಜೊತೆ ಓಡಬೇಕು, ಕಿಟಕಿಯ ಕಂಬಿಗಳ ಸಂದಿಯಿಂದ ಟವಲನ್ನು ಸೀಟಿನ ಮೇಲೆ ಬೀಳುವಂತೆ ಎಸೆಯಬೇಕು. ಬಿದ್ದರೆ ಆ ಸೀಟು ನಿಮ್ಮದು. ಬಾಗಿಲಲ್ಲಿ ನೂಕಿಕೊಂಡು ಮೊದಲು ಹತ್ತಿದ ಪೈಲ್ವಾನ ಕೂಡ ಸೀಟಿನ ಮೇಲೆ ಟವಲು ಕಂಡರೆ ಹಿಂದಕ್ಕೆ ಸರಿಯುತ್ತಿದ್ದ. ಜಮೀನಿನ ಪತ್ರಕ್ಕೂ ತಂಟೆ ತಕರಾರು ಇರುತ್ತಿದ್ದ ಕಾಲದಲ್ಲಿ ಟವಲಿಗೆ ತಕರಾರು ಇರಲಿಲ್ಲ. ಅಪ್ಪ ತಮ್ಮ ಕೆಂಪಂಚಿನ ಟವಲಿನ ಒಂದು ತುದಿಯನ್ನು ನೀರಲ್ಲಿ ಅದ್ದಿ, ಗಂಟು ಹಾಕಿ ಎಸೆಯುತ್ತಿದ್ದರು. ಹಾಗೆ ಮಾಡಿದರೆ ಅದು ಗಾಳಿಗೆ ಅತ್ತಿತ್ತ ಹೋಗುವುದಿಲ್ಲವಂತೆ. ದಸರೆ ಬಂತೆಂದರೆ ಅಕ್ಕಪಕ್ಕದವರು, "ಸ್ವಾಮಿ, ನಮಗೂ ಒಂದೆರಡು ಸೀಟು" ಎಂದು ಅವರನ್ನು ಮೆಜೆಸ್ಟಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಹಿಂದಿನ ದಿನವೇ ಟವಲು ಒಗೆಸಿಡುತ್ತಿದ್ದರು.

ಹೀಗೆ ಗೆದ್ದ ಮುಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ಅಮ್ಮನನ್ನು ಕೂರಿಸುತ್ತಿದ್ದರು. ಅಮ್ಮನಿಗೆ ಬಸ್ ಆಗುತ್ತಿರಲಿಲ್ಲ. ಕೆಂಗೇರಿಯವರೆಗೆ ಅವಳು ಮನುಷ್ಯಳಾಗಿರುತ್ತಿದ್ದಳು. ಆಮೇಲೆ ಕೈಯಲ್ಲಿ ನಿಂಬೆಹಣ್ಣು, ಬಾಯಲ್ಲಿ ಹುಣಸೆಹಣ್ಣು, ಯಾರೋ ಹೇಳಿದರೆಂದು ಹೊಟ್ಟೆಗೆ ಒತ್ತಿ ಹಿಡಿದ ಹಳೆ ಪೇಪರು. ಯಾವುದೂ ಕೆಲಸ ಮಾಡುತ್ತಿರಲಿಲ್ಲ. ಮಂಡ್ಯ ಬರುವ ಹೊತ್ತಿಗೆ ಮುಖ ಸುಣ್ಣ ಬಳಿದಂತೆ. ಮೈಸೂರಿನ ಅಜ್ಜಿ ಮನೆಗೆ ಹೋದವಳೇ ಒಳಗಿನ ಕೋಣೆಯಲ್ಲಿ ಮುಸುಕು ಹಾಕಿಕೊಂಡು ಮಲಗಿಬಿಡುತ್ತಿದ್ದಳು. ಮಾರನೆಯ ದಿನವೂ ಗಂಟಲು ಕಟ್ಟಿರುತ್ತಿತ್ತು. ತವರಿಗೆ ಹೋದ ಹೆಂಗಸರು ರಾತ್ರಿಯೆಲ್ಲ ಹರಟುತ್ತಾರೆ ಎಂದು ಬೇರೆಯವರು ಹೇಳುವಾಗ ನನಗೆ ಆಶ್ಚರ್ಯವಾಗುತ್ತಿತ್ತು.

ಅಪ್ಪ ಕೆಟ್ಟವರಲ್ಲ. "ಎಲ್ಲಾ ಮನಸ್ಸಿಂದು ಕಣೇ. ಬಸ್ಸು ಅಂತ ಅಂದ್ಕೋಬೇಡ, ತೊಟ್ಟಿಲು ಅಂದ್ಕೋ" ಎಂದು ಸಮಾಧಾನ ಹೇಳುತ್ತಿದ್ದರು. ಹಾಗಾದರೆ ರೈಲಿನಲ್ಲಿ ಯಾಕೆ ಹೋಗುತ್ತಿರಲಿಲ್ಲ ಎಂದು ನೀವು ಕೇಳಬಹುದು. ಅಪ್ಪನಿಗೆ ರೈಲಿನ ಮೇಲೆ ಹಳೆಯ ಸಿಟ್ಟಿತ್ತು. ಅವರ ಮದುವೆಯ ದಿಬ್ಬಣ ಮೈಸೂರಿಗೆ ಹೋದದ್ದು ರೈಲಿನಲ್ಲಿ. ಆಗ ಒಂಟಿ ಹಳಿ. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ಮದ್ದೂರಿನಲ್ಲಿ ನಿಂತ ರೈಲು ನಿಂತೇಬಿಟ್ಟಿತು. ವರಪೂಜೆಯ ಹೊತ್ತು ಮೀರಿದ ಮೇಲೆ ತಲುಪಿದ ಅಪ್ಪನನ್ನು ಅಮ್ಮನ ಸೋದರಮಾವಂದಿರು, "ಏನಪ್ಪಾ, ಗಂಡು ಗೂಡ್ಸ್ ಗಾಡೀಲಿ ಬಂತಾ?" ಎಂದು ಚಪ್ಪರದ ತುಂಬ ಆಡಿಕೊಂಡು ನಕ್ಕರಂತೆ. ಆ ಊರಿಗೆ ಇನ್ನು ರೈಲು ಹತ್ತುವುದಿಲ್ಲ ಎಂದು ಅಪ್ಪ ಹಸೆಮಣೆಯ ಮೇಲೇ ತೀರ್ಮಾನ ಮಾಡಿದರು. ಅವರ ತೀರ್ಮಾನಕ್ಕೆ ಅಮ್ಮನ ಹೊಟ್ಟೆ ಬಲಿಯಾಯಿತು.

ಆ ವರ್ಷ ಗೌರಿ ಹಬ್ಬ ಮುಗಿದ ಮೇಲೆ ಮೈಸೂರಿನಿಂದ ಚಿಕ್ಕಮ್ಮ ಬಂದಳು. ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಕಾಫಿ ಕುಡಿಯುತ್ತ, "ಮೇಷ್ಟ್ರು ಈ ಸಲ ನವರಾತ್ರೀಲಿ ದೇವಸ್ಥಾನದ ಮಂಟಪದಲ್ಲಿ ಹಳೇ ಶಿಷ್ಯೆಯರನ್ನೆಲ್ಲ ಹಾಡಿಸ್ತಾರಂತೆ ಕಣೇ. ನಿನ್ನ ಹೆಸ್ರು ಅವರೇ ತೆಗೆದ್ರು. ಅರ್ಧ ಗಂಟೆ ನಿಂದು" ಎಂದಳು. ಅಮ್ಮ ಮದುವೆಗೆ ಮುಂಚೆ ಆ ಮೇಷ್ಟರ ಹತ್ತಿರ ಎಂಟು ವರ್ಷ ಸಂಗೀತ ಕಲಿತವಳು. ನಮಗೆ ಅದು ಜೋಗುಳದಲ್ಲಿ, ಮಂಗಳಾರತಿಯಲ್ಲಿ ಅಲ್ಲಷ್ಟು ಇಲ್ಲಷ್ಟು ಕೇಳಿಸಿತ್ತು, ಅಷ್ಟೇ. ಜನರ ಮುಂದೆ ಕೂತು ಅವಳು ಹಾಡಿದ್ದನ್ನು ನಾನು ನೋಡಿರಲಿಲ್ಲ. ಅಪ್ಪನೂ ನೋಡಿರಲಿಲ್ಲ.

"ಹಾಡ್ತೀನಿ ಅಂತ ಹೇಳು" ಎಂದಳು ಅಮ್ಮ. ಅಪ್ಪನ ಮುಖವನ್ನೂ ನೋಡಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ. ಅಪ್ಪ ಪೇಪರು ಕೆಳಗಿಳಿಸಿ ಒಮ್ಮೆ ನೋಡಿ ಮತ್ತೆ ಮೇಲೆತ್ತಿದರು.

ಅಟ್ಟದ ಮೇಲಿದ್ದ ಶ್ರುತಿ ಪೆಟ್ಟಿಗೆ ಕೆಳಗಿಳಿಯಿತು. ಬೆಳಗಿನ ಜಾವ ಅಡುಗೆಮನೆಯಲ್ಲಿ ಅನ್ನ ಬೇಯುತ್ತಿರುವಾಗ ಅಮ್ಮ ಕಲ್ಯಾಣಿ ರಾಗ ಹಿಡಿಯುತ್ತಿದ್ದಳು. ಮೊದಮೊದಲು ಮೇಲಿನ ಸ್ವರದಲ್ಲಿ ಗಂಟಲು ಜಾರುತ್ತಿತ್ತು. ಆಗ ಸೌಟನ್ನು ಟಣ್ಣೆಂದು ಕುಕ್ಕಿ ಮತ್ತೆ ಕೆಳಗಿನಿಂದ ಶುರು. ಎರಡು ವಾರದಲ್ಲಿ ಆ ದನಿ ಎಲ್ಲೆಲ್ಲಿ ಅಡಗಿತ್ತೋ ಅಲ್ಲಿಂದೆಲ್ಲ ಎದ್ದು ಬಂತು. ಮುಂದಿನ ಕೋಣೆಯ ಹುಡುಗರು ರೇಡಿಯೋ ನಿಲ್ಲಿಸಿ ಕೇಳಲು ಶುರುಮಾಡಿದರು. ಖೈರುಬಿ ಹಿತ್ತಲ ಗೋಡೆಯ ಆಚೆ ಬಟ್ಟೆ ಒಗೆಯುವುದನ್ನು ಬಿಟ್ಟು ನಿಲ್ಲುತ್ತಿದ್ದರು.

ಒಂದೇ ತೊಂದರೆ. ಅಮ್ಮ ಹಾಡಬೇಕಾದ ದಿನದ ಹಿಂದಿನ ಮಧ್ಯಾಹ್ನ ನನ್ನ ಅರ್ಧವಾರ್ಷಿಕದ ಕೊನೆಯ ಪರೀಕ್ಷೆ, ಅಪ್ಪನಿಗೂ ರಜೆ ಸಿಗುವುದು ಮಾರನೆಯ ಬೆಳಗ್ಗೆಯೇ. ಬೆಳಗ್ಗೆ ಹೊರಟು ಸಂಜೆ ಹಾಡಬೇಕು. ಬಸ್ಸಿನಲ್ಲಿ ಹೋದರೆ ಸಂಜೆಗೆ ಅಮ್ಮ ಮುಸುಕಿನೊಳಗೆ. ಇದನ್ನು ಅಮ್ಮ ಹಿತ್ತಲಲ್ಲಿ ಖೈರುಬಿಗೆ ಹೇಳಿಕೊಂಡಾಗ ಅವರು, "ಅರೇ ಅಕ್ಕಾ, ಬಸ್ ಕೈಕು? ನಕ್ಕೋ, ಬಸ್ ಬ್ಯಾಡ! ನಾನು ಚನ್ನಪಟ್ಟಣಕ್ಕೆ ತಾಯಿ ಮನೆಗೆ ಯಾವಾಗ್ಲೂ ರೈಲಾಗೇ ಹೋಗೋದು. ಹೊಟ್ಟೇಲಿರೋ ನೀರೂ ಅಲ್ಲಾಡಲ್ಲ. ಆವತ್ತೇ ನಾನೂ ಹೋಗೋದದೆ, ಜೊತೇಲಿ ಬನ್ನಿ" ಎಂದರು.

ಆ ಸಂಜೆ ಅಪ್ಪ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಕೂತಾಗ ಅಮ್ಮ ಕಾಫಿ ಲೋಟ ಮುಂದಿಟ್ಟಳು.

"ರೀ, ನಾನು ಮೈಸೂರಿಗೆ ರೈಲಲ್ಲಿ ಹೋಗ್ತೀನಿ."

"ರೈಲಲ್ಲಿ ಅಂದ್ರೆ?"

"ಕಂಬಿ ಮೇಲೆ ಹೋಗತ್ತಲ್ಲ, ಅದರಲ್ಲಿ."

ಅಪ್ಪ ಲೋಟ ಮುಟ್ಟಲಿಲ್ಲ. "ಮುಂದಿನ ಸೀಟು ಹಿಡಿದು ಕೊಡ್ತೀನಿ ಕಣೇ. ಡ್ರೈವರ್ ಹಿಂದೇನೇ."

"ಮುಂದಿನ ಸೀಟಲ್ಲೇ ಕೂತಿದ್ದು ಇಷ್ಟು ವರ್ಷ."

"ನೀನು ಹಾಡೋ ಹೊತ್ತಿಗೆ ಆ ನಿನ್ನ ರೈಲು ಮದ್ದೂರಲ್ಲಿ ನಿಂತಿರತ್ತೆ ನೋಡು. ಅಲ್ಲೇ ಪ್ಲಾಟ್‌ಫಾರಮ್ಮಲ್ಲಿ ಕೂತು ಹಾಡು."

"ಹಾಡ್ತೀನಿ. ಹಾಡೋಕೆ ಗಂಟಲಾದ್ರೂ ಇರತ್ತೆ" ಎಂದಳು ಅಮ್ಮ.

ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ನಮ್ಮ ಮನೆಯಲ್ಲಿ ಇಂಥ ಮಾತು ಕೇಳಿ ಅಭ್ಯಾಸವಿರಲಿಲ್ಲ. ಅಪ್ಪ ಲೋಟ ಪಕ್ಕಕ್ಕೆ ಸರಿಸಿ, "ಸರಿ. ನೀನು ಅದರಲ್ಲಿ ಹೋಗು, ನಾನು ಇದರಲ್ಲಿ ಬರ್ತೀನಿ. ಸೂಟ್‌ಕೇಸು ನನ್ನ ಜೊತೆ ಇರ್ಲಿ, ಅದಾದ್ರೂ ಟೈಮಿಗೆ ತಲುಪಲಿ" ಎಂದರು. ಸೂಟ್‌ಕೇಸಿನಲ್ಲಿ ಅಮ್ಮ ಉಟ್ಟು ಹಾಡಬೇಕೆಂದು ತೆಗೆದಿಟ್ಟಿದ್ದ ಗಿಣಿಹಸಿರು ರೇಷ್ಮೆ ಸೀರೆ ಇತ್ತು.

ಹೊರಟ ಬೆಳಗ್ಗೆ ಅಪ್ಪ ಮುನಿಸಿನಲ್ಲಿ ತಿಂಡಿ ತಿನ್ನಲಿಲ್ಲ. ಸಿಟಿ ಬಸ್ಸಿನಲ್ಲಿ ಎಲ್ಲರೂ ಮೆಜೆಸ್ಟಿಕ್ಕಿಗೆ ಬಂದು ಇಳಿದೆವು. ರಸ್ತೆಯ ಈಚೆ ಬಸ್ ಸ್ಟ್ಯಾಂಡು, ಆಚೆ ರೈಲ್ವೆ ಸ್ಟೇಷನ್. ಅಪ್ಪ ಹೆಗಲ ಮೇಲೆ ಟವಲು, ಕೈಯಲ್ಲಿ ಸೂಟ್‌ಕೇಸು ಹಿಡಿದು, "ನೀವು ಬರೋ ಹೊತ್ತಿಗೆ ನಾನು ಊಟ ಮಾಡಿ ಒಂದು ನಿದ್ದೆ ತೆಗೆದಿರ್ತೀನಿ" ಎಂದು ಹಿಂದಿರುಗಿ ನೋಡದೆ ನಡೆದರು. ಅಮ್ಮ ಶ್ರುತಿ ಪೆಟ್ಟಿಗೆಯನ್ನು ಸೊಂಟಕ್ಕೆ ಅವಚಿಕೊಂಡು ಒಂದು ಕ್ಷಣ ನಿಂತಳು. ಗಂಡನಿಲ್ಲದೆ ಅವಳು ಯಾವ ಊರಿಗೂ ಹೋದವಳಲ್ಲ. ಖೈರುಬಿ, "ಬನ್ನಿ ಅಕ್ಕಾ, ಗಾಡಿ ಬಂದದೆ" ಎಂದು ಕೈ ಹಿಡಿದು ಎಳೆದರು.

ದಸರೆಯ ರಷ್ಷು. ಪ್ಲಾಟ್‌ಫಾರಮ್ಮಿನಲ್ಲಿ ಕಾಲಿಡಲು ಜಾಗವಿಲ್ಲ, ಬಾಗಿಲುಗಳಲ್ಲಿ ಆಗಲೇ ಜನ ಜೋತುಬಿದ್ದಿದ್ದರು. "ಟವಲ್ ಎಲ್ಲಿ ಅಕ್ಕಾ? ಎಸೀರಿ!" ಎಂದು ಖೈರುಬಿ ಕೂಗಿದರು. ಮನೆಯ ಟವಲಿನ ವಿದ್ಯೆಯೆಲ್ಲ ರಸ್ತೆಯ ಆಚೆಗೆ ಹೊರಟುಹೋಗಿತ್ತು. ಅಮ್ಮ ಅತ್ತ ನೋಡಿದಳು, ಇತ್ತ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನನಗೆ ಹತ್ತು ವರ್ಷ, ಕಡ್ಡಿಯಂತಿದ್ದೆ.

"ಬಾರೇ ಇಲ್ಲಿ" ಎಂದವಳೇ ಶ್ರುತಿ ಪೆಟ್ಟಿಗೆಯನ್ನು ಖೈರುಬಿಗೆ ಕೊಟ್ಟು, ಸೆರಗು ಬಿಗಿದು, ನನ್ನ ಕಂಕುಳಿಗೆ ಕೈಹಾಕಿ ಎತ್ತಿ, ಕಂಬಿಯಿಲ್ಲದ ಒಂದು ಕಿಟಕಿಯಿಂದ ಒಳಕ್ಕೆ ತೂರಿಸಿಬಿಟ್ಟಳು. "ಮಲಕ್ಕೋ! ಉದ್ದಕ್ಕೆ ಮಲಕ್ಕೋ! ಯಾರು ಏಳು ಅಂದ್ರೂ ಏಳ್ಬೇಡ!"

ಮಲಗಿದೆ. ಕೈಯನ್ನು ತಲೆಯ ಮೇಲಕ್ಕೂ ಕಾಲನ್ನು ಆ ತುದಿಗೂ ಚಾಚಿ, ಸಾಧ್ಯವಾದಷ್ಟು ಉದ್ದವಾದೆ. ದಪ್ಪ ಮೀಸೆಯವರೊಬ್ಬರು ಬಗ್ಗಿ, "ಏನಮ್ಮ, ಮೈಗೆ ಹುಷಾರಿಲ್ವಾ?" ಎಂದರು. "ಜನ ಬರ್ತಾರೆ! ಜನ ಬರ್ತಾರೆ!" ಎಂದು ಕಿರುಚಿದೆ. ಅವರು ಪಾಪ, ಟವಲಿಗೆ ಕೊಡುವ ಮರ್ಯಾದೆಯನ್ನೇ ನನಗೂ ಕೊಟ್ಟು ಸರಿದು ನಿಂತರು. ಅಮ್ಮ, ಖೈರುಬಿ ಜನರ ನಡುವೆ ನುಗ್ಗಿಕೊಂಡು ಬಂದು ಕೂತಾಗ ಇಬ್ಬರ ಮುಖದಲ್ಲೂ ಕೋಟೆ ಗೆದ್ದ ಕಳೆ. ಅಪ್ಪನ ಮಗಳಾಗಿ ನಾನು ಸೀಟು ಹಿಡಿಯುವ ವಿದ್ಯೆಯಲ್ಲಿ ಅಪ್ಪನನ್ನೇ ಮೀರಿಸಿದ್ದೆ ಎಂದು ಈಗಲೂ ನಂಬಿದ್ದೇನೆ.

ರೈಲು ಹೊರಟಿತು. ಅಮ್ಮ ಕಿಟಕಿಯ ಪಕ್ಕ ಬಿಗಿಯಾಗಿ ಕೂತು ಕೆಂಗೇರಿಗಾಗಿ ಕಾದಳು. ಕೆಂಗೇರಿ ಬಂತು, ಹೋಯಿತು. ಬಿಡದಿಯೂ ಹೋಯಿತು. ಅಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು, ಏನೂ ಇಲ್ಲ. ರಾಮನಗರದಲ್ಲಿ ಖೈರುಬಿ ಡಬ್ಬಿ ಬಿಚ್ಚಿ ಸೌತೆಕಾಯಿ ಹೆಚ್ಚಿಕೊಟ್ಟರು. ಅಮ್ಮ ತಿಂದಳು. ನಮ್ಮ ಪುಟ್ಟ ಪೊಟ್ಟಣದ ಚಿತ್ರಾನ್ನವನ್ನೂ ತಿಂದಳು. ಪ್ರಯಾಣದಲ್ಲಿ ಅಮ್ಮ ತಿನ್ನುವುದನ್ನು ನಾನು ಕಂಡದ್ದು ಅದೇ ಮೊದಲು. ಹೊರಗಿನ ಬಂಡೆಗಳನ್ನು, ಕೆರೆಯನ್ನು ತೋರಿಸಿ, "ಇದೆಲ್ಲ ಇಲ್ಲೇ ಇತ್ತೇನೇ?" ಎಂದು ನನ್ನನ್ನು ಕೇಳಿದಳು. ಅಷ್ಟು ಸಲ ಹೋಗಿಬಂದ ದಾರಿಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಚನ್ನಪಟ್ಟಣದಲ್ಲಿ ಖೈರುಬಿ ಇಳಿದರು. "ಚೆಂದಾಗಿ ಹಾಡಿ ಅಕ್ಕಾ. ಭಾಯಿಸಾಬ್‌ಗೆ ನನ್ನ ಸಲಾಂ ಹೇಳಿ" ಎಂದು ಕಿಟಕಿಯ ಕೆಳಗೆ ನಿಂತು ನಕ್ಕರು.

ಆಮೇಲೆ ಮದ್ದೂರು ಬಂತು. ರೈಲು ನಿಂತಿತು. ವಡೆ ಮಾರುವವರು ಒಂದು ಸುತ್ತು ಬಂದು ಹೋದರು, ಎರಡನೆಯ ಸುತ್ತು ಬಂದರು, ಮೂರನೆಯ ಸುತ್ತಿಗೆ ಅವರ ಬುಟ್ಟಿಯೇ ಖಾಲಿಯಾಗಿತ್ತು. ಸಿಗ್ನಲ್ಲಿನ ಕೈಕಂಬ ಅಲ್ಲಾಡಲಿಲ್ಲ. ಎದುರಿನ ಗಾಡಿ ಮಂಡ್ಯವನ್ನೇ ಬಿಟ್ಟಿಲ್ಲವಂತೆ ಎಂದು ಯಾರೋ ಹೇಳಿದರು. ಅಮ್ಮನ ಮುಖ ಸಣ್ಣದಾಗುತ್ತ ಬಂತು. ಅಪ್ಪ ಹೇಳಿದ ಊರು, ಅಪ್ಪ ಹೇಳಿದ ಪ್ಲಾಟ್‌ಫಾರಮ್ಮು, ಯಾವುದೂ ತಪ್ಪಿರಲಿಲ್ಲ. ಈ ಒಂದು ಸಲ ತಲುಪದೆ ಹೋದರೆ ಇನ್ನು ಯಾವ ಬಾಯಲ್ಲಿ ರೈಲು ಎನ್ನುವುದು, ಯಾವ ಬಾಯಲ್ಲಿ ಹಾಡು ಎನ್ನುವುದು? ಅವಳು ಹೇಳದಿದ್ದರೂ ಅದು ನನಗೆ ಗೊತ್ತಾಯಿತು, ಅಳು ಬಂತು.

ಅಮ್ಮ ನನ್ನ ಕೈ ಹಿಡಿದು ಕೆಳಗಿಳಿದಳು. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಶ್ರುತಿ ಪೆಟ್ಟಿಗೆ ತೆರೆದು ಕೂತಳು. "ಅಪ್ಪ ಹೇಳಿದ್ರಲ್ಲ, ಇಲ್ಲೇ ಹಾಡು ಅಂತ" ಎಂದು ಕಣ್ಣು ಮುಚ್ಚಿ ಕಲ್ಯಾಣಿಯನ್ನು ಮೆಲ್ಲಗೆ ತೆಗೆದಳು. ಕೇಳುಗರು ನಾನು ಮತ್ತು ಒಂದು ಮೇಕೆ. ಮೇಕೆ ಸ್ವಲ್ಪ ಹೊತ್ತಿಗೆ ಎದ್ದುಹೋಯಿತು. ದನಿ ಎಲ್ಲಿಯೂ ಜಾರಲಿಲ್ಲ, ಎಲ್ಲಿಯೂ ಒಡೆಯಲಿಲ್ಲ. ಎದುರಿನ ಗಾಡಿ ಸದ್ದು ಮಾಡುತ್ತ ಬಂದಾಗ ಅಮ್ಮ ಪೆಟ್ಟಿಗೆ ಮುಚ್ಚಿ, "ಈಗ ಎಷ್ಟು ಹೊತ್ತಾದ್ರೂ ಆಗ್ಲಿ" ಎಂದಳು.

ಮೈಸೂರಿನಲ್ಲಿ ಇಳಿದಾಗ ಅಜ್ಜಿ ಮನೆಗೆ ಹೋಗುವಷ್ಟು ಹೊತ್ತು ಉಳಿದಿರಲಿಲ್ಲ. ಟಾಂಗಾ ಹಿಡಿದು ನೇರವಾಗಿ ದೇವಸ್ಥಾನದ ಮಂಟಪಕ್ಕೇ ಹೋದೆವು. ಚಿಕ್ಕಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಭಾವ ಎಲ್ಲೇ? ನಿನ್ನ ಜೊತೆ ಬರ್ಲಿಲ್ವಾ?" ಎಂದಳು. ಅಪ್ಪ ಬಂದಿರಲಿಲ್ಲ. ಸೂಟ್‌ಕೇಸೂ ಬಂದಿರಲಿಲ್ಲ. ಅಮ್ಮ ಗಾಬರಿಯಿಂದ ರಸ್ತೆಯ ಎರಡೂ ಕಡೆ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು. ಮುಖ ತೊಳೆದು, ದಾರಿಯ ಧೂಳಿನ ಅದೇ ನೂಲಿನ ಸೀರೆಯ ನೆರಿಗೆ ಸರಿಮಾಡಿಕೊಂಡು ಹೋಗಿ ಕೂತಳು. ಸುತ್ತ ಕೂತವರೆಲ್ಲ ರೇಷ್ಮೆ ಸೀರೆಯ, ಮಲ್ಲಿಗೆ ದಂಡೆಯ ಹೆಂಗಸರು.

ಹಾಡಿದಳು ನೋಡಿ! ಸಂಗೀತದ ಬಗ್ಗೆ ನನಗೆ ಹೆಚ್ಚು ತಿಳಿಯದು, ಆದರೆ ಜನ ಬೀಸಣಿಗೆ ನಿಲ್ಲಿಸಿದ್ದನ್ನು ಕಂಡೆ. ದೃಷ್ಟಿ ಮಂದವಾಗಿದ್ದ ಮೇಷ್ಟರು ಮುಂದಕ್ಕೆ ಬಾಗಿ, ತೊಡೆಯ ಮೇಲೆ ತಾಳ ಹಾಕುತ್ತ, "ಭಲೇ, ಗಂಟಲು ಹಾಗೇ ಇಟ್ಕೊಂಡಿದೀಯಲ್ಲಮ್ಮ!" ಎಂದರು. ನನ್ನ ಅಮ್ಮ, ಆ ಒಳಕೋಣೆಯ ಮುಸುಕಿನ ಅಮ್ಮ, ಮೇಲಿನ ಸ್ವರದಲ್ಲಿ ನಿಂತು ಕೆಳಗೆ ಬರಲು ಯಾವ ಅವಸರವೂ ಇಲ್ಲದವಳಂತೆ ನಗುತ್ತಿದ್ದಳು. ನನಗೆ ಆ ದಿನ ಆದಷ್ಟು ಹೆಮ್ಮೆ ಆಮೇಲೆ ಯಾವುದಕ್ಕೂ ಆಗಿಲ್ಲ.

ಹಾಡು ಮುಗಿಯುತ್ತ ಬಂದಾಗ ಚಪ್ಪಲಿಗಳ ರಾಶಿಯ ಹತ್ತಿರ ಅಪ್ಪ ಕಂಡರು. ತಲೆತುಂಬ ಕೆಂಧೂಳು, ಮುಖ ಬಿಳಿಚಿ ಹೋಗಿತ್ತು. ಒಂದು ಕೈ ಕಂಬದ ಮೇಲೆ, ಇನ್ನೊಂದು ಕೈಯಲ್ಲಿ ಹಿಂಡಿಹೋದ ಅರ್ಧ ನಿಂಬೆಹಣ್ಣು. ಆದದ್ದು ಇಷ್ಟೇ. ಸಿಟ್ಟಿನ ಭರದಲ್ಲಿ ಅಪ್ಪ ಬೋರ್ಡಿನ ದೊಡ್ಡಕ್ಷರದ ಮೈಸೂರನ್ನು ನೋಡಿ ಟವಲು ಎಸೆದಿದ್ದರು, ಕೆಳಗೆ ಸಣ್ಣಕ್ಷರದಲ್ಲಿ ಕನಕಪುರ, ಮಳವಳ್ಳಿ ಮಾರ್ಗ ಎಂದಿದ್ದುದನ್ನು ನೋಡಿರಲಿಲ್ಲ. ಟವಲು ಬಿದ್ದದ್ದು ಕೊನೆಯ ಸಾಲಿನ ಸೀಟಿಗೆ. ತಮ್ಮ ಟವಲು ಬಿದ್ದ ಸೀಟನ್ನು ಬಿಟ್ಟು ಇಳಿಯುವುದು ಅವರ ಜಾಯಮಾನವಲ್ಲ. ಬರಿಹೊಟ್ಟೆ, ಹಿಂದಿನ ಚಕ್ರದ ಮೇಲಿನ ಕುಲುಕಾಟ, ಹಳ್ಳಿಹಳ್ಳಿಗೂ ನಿಲ್ಲುವ ಬಸ್ಸು. ಮಳವಳ್ಳಿಯಲ್ಲಿ ಇನ್ನು ತಡೆಯಲಾರದೆ ಸೂಟ್‌ಕೇಸಿನ ಸಮೇತ ಇಳಿದು, ಅಂಗಡಿಯ ಬೆಂಚಿನ ಮೇಲೆ ಮಲಗಿ, ಎರಡು ಬಸ್ಸುಗಳನ್ನು ಕಣ್ಣೆದುರೇ ಹೋಗಲು ಬಿಟ್ಟಿದ್ದರು.

ಅಮ್ಮ ಎದ್ದು ಬಂದವಳೇ ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಏನ್ರೀ, ಬಸ್ ಆಗ್ಲಿಲ್ವಾ?" ಎಂದಳು.

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದಳು. ಅಪ್ಪ ನಗಲಿಲ್ಲ. ಅಮ್ಮನನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ನಿನಗೆ ಪ್ರತಿ ಸಲಾನೂ ಹಿಂಗೇ ಆಗ್ತಿತ್ತೇನೇ?"

"ಪ್ರತಿ ಸಲಾನೂ."

ಅಪ್ಪ ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, "ಕೊನೇದು ಅಷ್ಟು ಕೇಳಿಸ್ಕೊಂಡೆ. ಮೊದಲಿಂದ ಕೇಳ್ಬೇಕಿತ್ತು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಧೂಳು ಬಿದ್ದಿದೆ ಎಂದು ಒರೆಸಿಕೊಂಡರು.

ವಾಪಸು ಬರುವ ದಿನ ಮೈಸೂರು ಸ್ಟೇಷನ್ನಿನಲ್ಲಿ ಅಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದರು. ನಲ್ಲಿಯಲ್ಲಿ ಟವಲಿನ ತುದಿ ನೆನೆಸಿ ಗಂಟು ಹಾಕಿದ್ದರು. ರೈಲು ಇನ್ನೂ ನಿಂತಿರಲಿಲ್ಲ, ಟವಲು ಕಿಟಕಿ ದಾಟಿ ಒಳಗಿತ್ತು. ಅಮ್ಮ ಮುಂದಿನ ವರ್ಷವೂ ಹಾಡಿದಳು, ಎಂಬತ್ತರ ದಶಕ ಪೂರ್ತಿ ಒಂದು ನವರಾತ್ರಿಯನ್ನೂ ತಪ್ಪಿಸದೆ ಹಾಡಿದಳು, ಮಲ್ಲೇಶ್ವರದಲ್ಲಿ ಹಾಡಿದಳು, ಯಲಹಂಕದಲ್ಲಿ ಹಾಡಿದಳು. ಪ್ರತಿ ಸಲವೂ ಹೊರಡುವ ಮುಂಚೆ ಅಪ್ಪ, "ಯಾವುದರಲ್ಲಿ ಹೋಗೋಣ?" ಎಂದು ಕೇಳುತ್ತಿದ್ದರು. ಉತ್ತರ ಗೊತ್ತಿದ್ದರೂ ಕೇಳುತ್ತಿದ್ದರು. ಅಮ್ಮನೂ ಪ್ರತಿ ಸಲ ಸ್ವಲ್ಪ ಯೋಚಿಸಿದಂತೆ ಮಾಡಿ, "ರೈಲು" ಎನ್ನುತ್ತಿದ್ದಳು. ಆ ಒಂದು ಪದ ಹೇಳುವಾಗಿನ ಅವಳ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಅಂಥ ಅಮ್ಮನ ಮಗಳು ನಾನು. ಮದುವೆಯಾಗಿ ಇಷ್ಟು ವರ್ಷವಾಯಿತು. ಯಾರು ಏನು ಕೇಳಿದರೂ, ಹೋಟೆಲಿನಲ್ಲಿ ಯಾವ ತಿಂಡಿ ಎಂದರೂ, ಗೋಡೆಗೆ ಯಾವ ಬಣ್ಣ ಎಂದರೂ, "ನಿಮಗೆ ಹೇಗೆ ಅನುಕೂಲವೋ ಹಾಗೆ" ಎಂದು ದೊಡ್ಡಸ್ತಿಕೆಯಿಂದ ಕೂತವಳು. ಕಾಫಿ ಇಳಿದಿತ್ತು. ಅದನ್ನು ಹಾಗೇ ಬಿಟ್ಟು ಒಳಗೆ ಹೋದೆ. ಸೊಸೆ ಹಾಸಿಗೆಯ ಮೇಲೆ ಕೂತು ಇನ್ನೂ ಫೋನು ನೋಡುತ್ತಿದ್ದಳು.

"ರೈಲಲ್ಲಿ ಹೋಗೋಣ. ಬೆಳಗಿಂದು. ನನಗೆ ಕಿಟಕಿ ಪಕ್ಕದ ಸೀಟೇ ಬೇಕು" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು.

ಅವಳು ಕಣ್ಣರಳಿಸಿದಳು. "ಅಯ್ಯೋ ಅತ್ತೆ, ಹಾಗಂತ ಹೇಳೋದಲ್ವಾ? ನಾನು ಪ್ರತಿ ಸಲಾನೂ ಕೇಳ್ತಾನೇ ಇದ್ನಲ್ಲ!"

"ಕೇಳ್ತಿದ್ದೆ ಕಣಮ್ಮಾ" ಎಂದೆ. "ಇವತ್ತು ಹೇಳ್ತಾ ಇದೀನಿ."